ಸೊಂಟದಿಂದ ಕಾಲಿಗಿಳಿಯುವ ನೋವು ಮತ್ತು ನರದ ಬುಡಕ್ಕೆ ಕೊಡುವ ಇಂಜೆಕ್ಷನ್

(ನೋವು ಚಿಕಿತ್ಸೆಯ ಕುರಿತು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಮಾತು ಆರಂಭಿಸುವ ಮೊದಲು ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿಕೊಂಡಿದ್ದೆ. ಬಂದಿರುವ ಚೀಟಿಗಳಲ್ಲಿ ಹೆಚ್ಚಿನವು ಎರಡು ಪ್ರಶ್ನೆಗಳ ಸುತ್ತಲೇ ಇವೆ. "ಎಲ್‌4–ಎಲ್‌5 ಗ್ಯಾಪ್ ಬಂದಿದೆ ಎಂದಿದ್ದಾರೆ, ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡರೆ ಆಪರೇಷನ್ ತಪ್ಪುತ್ತದೆಯೇ?" ಎಂಬುದು ಮೊದಲನೆಯದು. "ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲಿನ ಸ್ವಾಧೀನ ಹೋಗುತ್ತದಂತೆ, ನಿಜವೇ?" ಎಂಬುದು ಎರಡನೆಯದು. ಒಂದರಲ್ಲಿ ಅತಿಯಾದ ಭರವಸೆ ಇದೆ, ಇನ್ನೊಂದರಲ್ಲಿ ಅತಿಯಾದ ಭಯವಿದೆ. ನೋವಿನ ಚಿಕಿತ್ಸೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಅರಿವಳಿಕೆ ವೈದ್ಯನಾಗಿ ಈ ಎರಡನ್ನೂ ನಾನು ದಿನವೂ ಎದುರಿಸುತ್ತೇನೆ. ಎರಡಕ್ಕೂ ನೇರವಾಗಿ ಉತ್ತರಿಸುವುದೇ ಇಂದಿನ ಉದ್ದೇಶ.

ಮೊದಲು "ಗ್ಯಾಪ್" ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಎಲ್‌4, ಎಲ್‌5 ಎಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಬೆನ್ನುಮೂಳೆಗಳು. ನಮ್ಮಲ್ಲಿ ಈ ಮಾತು ಎಷ್ಟು ಬೇರೂರಿದೆಯೆಂದರೆ, ಬೆನ್ನುಮೂಳೆಗಳು ಒಂದರಿಂದೊಂದು ಕಳಚಿಕೊಂಡು ನಡುವೆ ಖಾಲಿ ಜಾಗ ಬಿದ್ದಿದೆಯೆಂದೇ ಬಹಳ ಮಂದಿ ಭಾವಿಸುತ್ತಾರೆ, ಬಗ್ಗಿದರೆ ಬೆನ್ನು ಮುರಿದೀತೆಂದು ಹೆದರಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ. ವಾಸ್ತವದಲ್ಲಿ ಅಲ್ಲಿ ಹೊಸದಾಗಿ ಯಾವ ಗ್ಯಾಪೂ ಹುಟ್ಟಿರುವುದಿಲ್ಲ. ಮೊದಲಿದ್ದ ಅಂತರವೇ ಕಡಿಮೆಯಾಗಿರುತ್ತದೆ. ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನ ಹೊರಭಾಗ ಗಟ್ಟಿ ನಾರಿನ ಉಂಗುರ, ಒಳಭಾಗ ಮೆತ್ತನೆಯ ತಿರುಳು. ಉಂಗುರ ಬಿರಿದಾಗ ತಿರುಳು ಹೊರಕ್ಕೆ ಜಾರಿ, ಪಕ್ಕದಲ್ಲಿ ಹಾದುಹೋಗುವ ನರದ ಬುಡವನ್ನು ಒತ್ತಬಹುದು. ಸೊಂಟದಿಂದ ಪೃಷ್ಠ, ತೊಡೆ, ಮೀನಖಂಡದ ಮೂಲಕ ಪಾದದವರೆಗೆ ಹರಿಯುವ ಸಯಾಟಿಕಾ ನೋವಿಗೆ ಇದು ಕಾರಣವೆಂಬುದನ್ನು 1934ರಲ್ಲಿ ಬಾಸ್ಟನ್ನಿನ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟರು. ನೋವಿನ ಈ ಹಾದಿ ಮಾತ್ರ ಅದಕ್ಕಿಂತ ಬಹಳ ಮೊದಲೇ ಗೊತ್ತಿತ್ತು. ನಮ್ಮ ಆಯುರ್ವೇದದವರು ಗೃಧ್ರಸಿ ಎಂದು ಕರೆದು ವಿವರಿಸಿರುವುದು ಇದೇ ಲಕ್ಷಣಗಳನ್ನು.

ಒತ್ತಡವೊಂದೇ ನೋವಿಗೆ ಕಾರಣವಾಗಿದ್ದರೆ ಔಷಧವನ್ನು ಚುಚ್ಚುವುದರಲ್ಲಿ ಅರ್ಥವೇ ಇರುತ್ತಿರಲಿಲ್ಲ, ಏಕೆಂದರೆ ಯಾವ ಇಂಜೆಕ್ಷನ್ನೂ ಜಾರಿದ ಡಿಸ್ಕನ್ನು ಒಳಕ್ಕೆ ತಳ್ಳುವುದಿಲ್ಲ. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಂಶೋಧಕರು ಹಂದಿಗಳ ನರಗಳ ಮೇಲೆ, ಯಾವ ಒತ್ತಡವನ್ನೂ ಹೇರದೆ, ಅವುಗಳದೇ ಡಿಸ್ಕಿನ ತಿರುಳನ್ನು ಇಟ್ಟು ನೋಡಿದರು. ಅಷ್ಟಕ್ಕೇ ನರದ ಸಂವಹನ ಕುಗ್ಗಿತು, ನರಕ್ಕೆ ಹಾನಿಯಾದದ್ದು ಕಂಡುಬಂತು. ತಿರುಳಿನಲ್ಲಿರುವ ರಾಸಾಯನಿಕಗಳೇ ನರದ ಬುಡದಲ್ಲಿ ಉರಿಯೂತವನ್ನು ಹುಟ್ಟಿಸುತ್ತವೆ. ಉರಿಯೂತದಿಂದ ಊದಿಕೊಂಡ ನರ, ಸಾಮಾನ್ಯವಾಗಿ ಸಹಿಸಿಕೊಳ್ಳಬಲ್ಲಂಥ ಸಣ್ಣ ಒತ್ತಡಕ್ಕೂ ಬೆಂಕಿ ತಗುಲಿದಂತೆ ಪ್ರತಿಕ್ರಿಯಿಸುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿನುದ್ದಕ್ಕೂ ಚಳಕು ಹೊಡೆಯುವುದು, ಪಾದದಲ್ಲಿ ಜೋಮು ಹಿಡಿಯುವುದು ಈ ಕಾರಣದಿಂದ. ನಾವು ಇಂಜೆಕ್ಷನ್ನಿನಿಂದ ತಣಿಸಲು ಹೊರಡುವುದು ಈ ಉರಿಯೂತವನ್ನು. ಡಿಸ್ಕ್ ಇದ್ದ ಹಾಗೆಯೇ ಇರುತ್ತದೆ. ಇದನ್ನು ಮೊದಲೇ ತಿಳಿದುಕೊಂಡವರು ಮುಂದೆ ನಿರಾಶರಾಗುವುದಿಲ್ಲ.

ಈ ಚಿಕಿತ್ಸೆಗೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ ಮೇಲೆ, ನೋವಿರುವಲ್ಲಿಗೇ ಔಷಧವನ್ನು ಒಯ್ಯುವ ಯೋಚನೆ ಹರಡಿತು. 1901ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕಾರ್ ಮತ್ತು ಕಾಥೆಲಿನ್ ಎಂಬಿಬ್ಬರು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸಂಬಂಧವಿಲ್ಲದಂತೆ, ಬಾಲಮೂಳೆಯ ಬಳಿಯ ರಂಧ್ರದಿಂದ ಕೊಕೇನ್ ದ್ರಾವಣವನ್ನು ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಕೊಟ್ಟರು. ಸಿಕಾರ್ ಅದನ್ನು ಸಯಾಟಿಕಾ ರೋಗಿಗಳಿಗೆ ಬಳಸಿದರು. ನಾವಿಂದು ಎಪಿಡ್ಯೂರಲ್ ಎನ್ನುವುದು ಆ ಜಾಗವನ್ನೇ. ಅಮೆರಿಕದ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬರಿಗೆ 1948ರಲ್ಲಿ ಕಾರ್ಟಿಸೋನ್ ಕೊಟ್ಟ ನಂತರ, ಉರಿಯೂತವನ್ನು ತಣಿಸುವ ಸ್ಟೀರಾಯ್ಡ್ ಔಷಧಗಳ ಯುಗ ಆರಂಭವಾಗಿ, 1950ರ ದಶಕದ ಮೊದಲ ವರ್ಷಗಳಲ್ಲೇ ಸ್ಟೀರಾಯ್ಡನ್ನು ಮಂಡಿಯೊಳಕ್ಕೂ ಎಪಿಡ್ಯೂರಲ್ ಜಾಗಕ್ಕೂ ಕೊಡುವ ಪದ್ಧತಿ ಬಂತು. ಅಂದಿನಿಂದ ಔಷಧಗಳಿಗಿಂತ ಹೆಚ್ಚು ಬದಲಾಗಿರುವುದು, ಸೂಜಿ ಎಲ್ಲಿದೆ ಎಂಬುದನ್ನು ಕಣ್ಣಾರೆ ಕಂಡುಕೊಳ್ಳುವ ನಮ್ಮ ಸಾಮರ್ಥ್ಯ.

ಈಗ ಭಯದ ಪ್ರಶ್ನೆಗೆ ಬರುತ್ತೇನೆ. ಬೆನ್ನುಹುರಿ ನಮ್ಮ ಬೆನ್ನಿನ ತುದಿಯವರೆಗೂ ಇರುವುದಿಲ್ಲ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ಕುದುರೆಯ ಬಾಲದಂತೆ ಇಳಿಬಿದ್ದ ನರಗಳ ಗೊಂಚಲು. ಸಯಾಟಿಕಾಕ್ಕೆ ಸೂಜಿ ಹಾಕುವುದು ಸಾಮಾನ್ಯವಾಗಿ ನಾಲ್ಕನೆಯ, ಐದನೆಯ ಮೂಳೆಗಳ ಸುತ್ತ, ಅಂದರೆ ಬೆನ್ನುಹುರಿ ಮುಗಿದ ಎಷ್ಟೋ ಕೆಳಗೆ, ಅದೂ ನರಗಳನ್ನು ಸುತ್ತುವರಿದ ಹೊದಿಕೆಯ ಹೊರಗೆ. ಸಿಸೇರಿಯನ್ ಹೆರಿಗೆಯ ಸಮಯದಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ಜೀವಮಾನದ ಸೊಂಟನೋವು ಬಂತು ಎಂದು ನಂಬಿರುವ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದು ನಿಜ. ವರ್ಷಗಟ್ಟಲೆ ಉಳಿಯುವ ನೋವಿಗೆ ಆ ಸೂಜಿ ಕಾರಣವಲ್ಲವೆಂಬುದನ್ನು ಅಧ್ಯಯನಗಳು ತೋರಿಸಿವೆ. ಗರ್ಭದ ಭಾರ ಹೊತ್ತು ಸಡಿಲಗೊಂಡ ಸ್ನಾಯುಗಳು, ನಿದ್ದೆಯಿಲ್ಲದೆ ಮಗುವನ್ನು ಎತ್ತಿ ಬಗ್ಗುವ ದುಡಿಮೆ, ಬಾಣಂತನ ಮುಗಿದೊಡನೆ ಹೆಗಲಿಗೇರುವ ಮನೆಗೆಲಸ, ಇವುಗಳ ಕಡೆ ಯಾರೂ ನೋಡುವುದಿಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ನೋಯಿಸುತ್ತಿರುವ ಸಂಗತಿ.

ಆದರೂ "ಕಾಲಿನ ಸ್ವಾಧೀನ ಹೋಗುತ್ತದೆ" ಎಂಬ ಮಾತು ಎಲ್ಲಿಂದಲೋ ಹುಟ್ಟಿರಲೇಬೇಕಲ್ಲವೇ? ಅದರ ಒಂದು ಮೂಲ ಬೇರೊಂದು ಇಂಜೆಕ್ಷನ್ನಿನಲ್ಲಿದೆ. ಸೊಂಟ ಹಿಡಿಯಿತೆಂದು ಹತ್ತಿರದಲ್ಲಿ ಸಿಕ್ಕವರ ಬಳಿ ಹೋಗಿ, ನಿಂತ ನಿಲುವಿನಲ್ಲೇ ಪೃಷ್ಠಕ್ಕೆ ನೋವಿನ ಸೂಜಿ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯ. ಪೃಷ್ಠದ ಮೇಲ್ಭಾಗದ ಹೊರಮೂಲೆಯನ್ನು ಬಿಟ್ಟು ಒಳಕ್ಕೋ ಕೆಳಕ್ಕೋ ಚುಚ್ಚಿದರೆ ಆ ಸೂಜಿ ಸಯಾಟಿಕ್ ನರಕ್ಕೇ ತಗುಲಬಹುದು. ಆಗ ಪಾದ ಎತ್ತಲಾಗದೆ ಜೋಲು ಬೀಳುತ್ತದೆ, ಚಪ್ಪಲಿ ಕಾಲಿನಿಂದ ಜಾರಿಹೋದದ್ದೂ ಗೊತ್ತಾಗುವುದಿಲ್ಲ. ಈ ಕುರುಡು ಚುಚ್ಚುವಿಕೆಗೂ ಯಂತ್ರದ ನೆರವಿನಿಂದ ನರದ ಪಕ್ಕಕ್ಕೆ ಔಷಧ ಮುಟ್ಟಿಸುವ ವಿಧಾನಕ್ಕೂ ಇರುವ ಅಂತರ ದೊಡ್ಡದು.

ಆ ವಿಧಾನ ಹೀಗಿರುತ್ತದೆ. ರೋಗಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಬೆನ್ನನ್ನು ಶುಚಿಗೊಳಿಸಿ, ಸೂಜಿ ಹೋಗುವ ಜಾಗದ ಚರ್ಮವನ್ನು ಮೊದಲು ಮರಗಟ್ಟಿಸುತ್ತೇವೆ. ಪೂರ್ಣ ಅರಿವಳಿಕೆ ಕೊಡುವುದಿಲ್ಲ; ರೋಗಿ ಎಚ್ಚರವಾಗಿದ್ದು "ಕಾಲಿಗೆ ಕರೆಂಟ್ ಹೊಡೆದಂತಾಯಿತು" ಎಂದು ಹೇಳಬಲ್ಲವರಾಗಿರಬೇಕು, ಅದು ಅವರ ಸುರಕ್ಷತೆಯ ಭಾಗ. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆಯನ್ನು ನೋಡುತ್ತಾ ಸೂಜಿಯನ್ನು ಮುಂದುವರಿಸಿ, ಗುರಿ ತಲುಪಿತೆನಿಸಿದಾಗ ಪರದೆಯ ಮೇಲೆ ಎದ್ದು ಕಾಣುವ ದ್ರವವನ್ನು ಸ್ವಲ್ಪ ಹರಿಸುತ್ತೇವೆ. ಅದು ನರದ ಗುಂಟ ಗೆರೆಯಾಗಿ ಹಬ್ಬಿದರೆ ಸರಿ. ರಕ್ತನಾಳದೊಳಕ್ಕೆ ಓಡಿಹೋದರೆ ಸೂಜಿಯನ್ನು ಸರಿಸಲೇಬೇಕು. ಆಮೇಲಷ್ಟೇ ಔಷಧ. ಮಾರ್ಗಗಳು ಮೂರು: ಬಾಲಮೂಳೆಯ ಕಡೆಯಿಂದ, ಬೆನ್ನಿನ ನಡುಗೆರೆಯಿಂದ, ಅಥವಾ ನರ ಹೊರಬರುವ ಕಿಂಡಿಯ ಪಕ್ಕದಿಂದ. ಒಂದೇ ನರದ ಬುಡ ತೊಂದರೆಯಲ್ಲಿದ್ದಾಗ ಕಿಂಡಿಯ ಮಾರ್ಗವೇ ಹೆಚ್ಚು ನಿಖರ.

ನಂತರದ ದಿನಗಳ ಬಗ್ಗೆ ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೊಂದಲ ಹುಟ್ಟುವುದು ಇಲ್ಲಿಯೇ. ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಎರಡು ಔಷಧಗಳಿರುತ್ತವೆ. ಮರಗಟ್ಟಿಸುವ ಔಷಧ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸಿ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಸ್ಟೀರಾಯ್ಡಿನ ಪರಿಣಾಮ ಕಾಣಲು ಎರಡು ಮೂರು ದಿನಗಳಿಂದ ಒಂದು ವಾರವಾದರೂ ಬೇಕು. ಹೀಗಾಗಿ ರೋಗಿ ಆಸ್ಪತ್ರೆಯಿಂದ ನೋವಿಲ್ಲದೆ ನಡೆದು ಮನೆಗೆ ಹೋಗುತ್ತಾರೆ, ರಾತ್ರಿಯ ಹೊತ್ತಿಗೆ ನೋವು ಹಾಗೇ ಮರಳುತ್ತದೆ, "ದುಡ್ಡು ದಂಡವಾಯಿತು" ಎಂದು ಮನೆಯವರೆಲ್ಲ ಕೊರಗುತ್ತಾರೆ, ನಾಲ್ಕನೆಯ ದಿನದಿಂದ ನಿಧಾನವಾಗಿ ಹಗುರವಾಗತೊಡಗುತ್ತದೆ. ನಾನು ಪ್ರತಿಯೊಬ್ಬ ರೋಗಿಯ ಕೈಗೂ ಒಂದು ಹಾಳೆ ಕೊಟ್ಟು, ಮೊದಲ ಆರು ಗಂಟೆಗಳ ನೋವನ್ನು ಗಂಟೆಗೊಮ್ಮೆ, ಆಮೇಲೆ ಎರಡು ವಾರ ದಿನಕ್ಕೊಮ್ಮೆ ಬರೆದಿಡಲು ಕೇಳುತ್ತೇನೆ. ಮೊದಲ ಗಂಟೆಗಳಲ್ಲಿ ನೋವು ಪೂರ್ಣ ಮಾಯವಾಗಿತ್ತೆಂದಾದರೆ ಸೂಜಿ ನೋವಿನ ಮೂಲವನ್ನೇ ತಲುಪಿತ್ತೆಂದು ತಿಳಿಯಲು ಬಲವಾದ ಆಧಾರ ಸಿಗುತ್ತದೆ. ಆ ಹೊತ್ತಿನಲ್ಲೂ ಕಡಿಮೆಯಾಗದಿದ್ದರೆ ನಾವು ತಪ್ಪು ನರವನ್ನು ಹಿಡಿದಿದ್ದೇವೆಯೇ ಎಂದು ಮರಳಿ ಯೋಚಿಸಬೇಕು. ಆ ಹಾಳೆಯ ಬೆಲೆ ಕೆಲವೊಮ್ಮೆ ಎಂಆರ್‌ಐಗಿಂತ ಹೆಚ್ಚು.

ಎಂಆರ್‌ಐ ಬಗ್ಗೆ ಹೀಗೆ ಹೇಳಲು ಕಾರಣವಿದೆ. ಯಾವ ಬೆನ್ನುನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಕಲೆಹಾಕಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಸುಮಾರು 30 ಪ್ರತಿಶತ ಮಂದಿಗೆ, ಐವತ್ತರ ವಯಸ್ಸಿನವರಲ್ಲಿ ಸುಮಾರು 60 ಪ್ರತಿಶತ ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಹಾಗಾಗಿ ವರದಿಯಲ್ಲಿ "ಬಲ್ಜ್" ಎಂದು ಬರೆದಿರುವುದಷ್ಟೇ ಇಂಜೆಕ್ಷನ್ನಿಗೆ ಕಾರಣವಾಗಲಾರದು. ಎಡಗಾಲಿನ ಹೆಬ್ಬೆರಳಿನವರೆಗೆ ನೋವು ಇಳಿಯುತ್ತಿದ್ದು, ಮಲಗಿಸಿ ಕಾಲನ್ನು ನೇರವಾಗಿ ಎತ್ತಿದಾಗ ಅದೇ ನೋವು ಕೆರಳಿ, ಸ್ಕ್ಯಾನಿನಲ್ಲೂ ಎಡಬದಿಯ ಅದೇ ನರ ಸಿಕ್ಕಿಕೊಂಡಿರುವುದು ಕಂಡರೆ, ಈ ಮೂರೂ ಒಂದನ್ನೇ ಬೆರಳು ಮಾಡಿ ತೋರಿಸಿದಂತಾಯಿತು. ಅಂಥವರಿಗೆ ಸೂಜಿಯಿಂದ ಉಪಯೋಗವಾಗುವ ಸಾಧ್ಯತೆ ಹೆಚ್ಚು.

ಉಪಯೋಗ ಎಷ್ಟು? ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದದ್ದು ನನ್ನ ಕರ್ತವ್ಯ. ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 25 ಪ್ರಯೋಗಗಳನ್ನು, ಸುಮಾರು 2,500 ರೋಗಿಗಳನ್ನು ಒಟ್ಟಿಗೆ ನೋಡಿತು. ಎಪಿಡ್ಯೂರಲ್ ಸ್ಟೀರಾಯ್ಡ್ ಪಡೆದವರಿಗೆ, ಹುಸಿ ಔಷಧ ಪಡೆದವರಿಗಿಂತ, ನೂರು ಅಂಕಗಳ ಮಾಪನದಲ್ಲಿ ಕಾಲುನೋವು ಸರಾಸರಿ ಐದು ಅಂಕದಷ್ಟು ಮಾತ್ರ ಹೆಚ್ಚು ಇಳಿದಿತ್ತು, ಅದೂ ಮೊದಲ ಮೂರು ತಿಂಗಳಲ್ಲಿ. ಬೆನ್ನಿನ ನಾಳ ಕಿರಿದಾಗಿ ನಡೆಯಲಾಗದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ 400 ರೋಗಿಗಳ ಅಧ್ಯಯನದಲ್ಲಿ, ಮರಗಟ್ಟಿಸುವ ಔಷಧದ ಜೊತೆ ಸ್ಟೀರಾಯ್ಡ್ ಸೇರಿಸಿದ್ದರಿಂದ ಆರು ವಾರಗಳ ಕೊನೆಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವಾಗಲಿಲ್ಲ. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗದರ್ಶಿಯಂತೂ ಮೂರು ತಿಂಗಳು ಮೀರಿದ ಬೆನ್ನುಮೂಳೆ ನೋವಿಗೆ, ಕ್ಯಾನ್ಸರ್ ಇಲ್ಲದವರಲ್ಲಿ, ಇಂಥ ಚುಚ್ಚುಮದ್ದುಗಳು ಬೇಡವೆಂದೇ ಬಲವಾಗಿ ಹೇಳಿದೆ. ಇನ್ನೊಂದೆಡೆ, ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ, ಹೊಸದಾಗಿ ಬಂದ ತೀವ್ರ ಸಯಾಟಿಕಾಕ್ಕೆ ಎಪಿಡ್ಯೂರಲನ್ನು ಪರಿಗಣಿಸಬಹುದೆಂದು ಹೇಳಿ, ಬರೀ ಬೆನ್ನುನೋವಿಗೆ ಬೇಡವೆಂದಿದೆ.

ಇವನ್ನೆಲ್ಲ ಓದಿದ ಮೇಲೂ ನಾನು ಈ ಸೂಜಿಯನ್ನು ಕೈಬಿಟ್ಟಿಲ್ಲ. ಆದರೆ ಯಾರಿಗೆ ಹಾಕಬೇಕೆಂಬ ಗೆರೆಯನ್ನು ಮೊದಲಿಗಿಂತ ಬಿಗಿಯಾಗಿ ಎಳೆದುಕೊಂಡಿದ್ದೇನೆ. ಡಿಸ್ಕ್ ಜಾರಿ ಬಂದ ಸಯಾಟಿಕಾ ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಹೊರಬಿದ್ದ ತಿರುಳನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಪೂರ್ತಿ ಹೊರಚಾಚಿದ ದೊಡ್ಡ ತುಂಡುಗಳು ಬರೀ ಉಬ್ಬಿದ ಡಿಸ್ಕಿಗಿಂತ ಚೆನ್ನಾಗಿ ಕರಗುತ್ತವೆ ಎಂಬುದು ಅನೇಕರಿಗೆ ಆಶ್ಚರ್ಯ ತರುವ ಸತ್ಯ. ಆದರೆ ಆ ಹನ್ನೆರಡು ವಾರಗಳನ್ನು ಕಳೆಯುವುದು ಹೇಗೆ? ಅಡಿಕೆ ಕೊಯ್ಲಿನ ಹೊತ್ತಿಗೆ ನೋವು ಹಿಡಿದ ಕೊನೆ ತೆಗೆಯುವ ಕೆಲಸಗಾರರೊಬ್ಬರು ನನ್ನ ಬಳಿ ಬಂದಾಗ ಹದಿನೈದು ರಾತ್ರಿಗಳಿಂದ ಮಲಗಿರಲಿಲ್ಲ; ಗೋಡೆಗೆ ಒರಗಿ ಒಂದು ಕಾಲನ್ನು ಮಡಚಿಕೊಂಡು ಕೂತೇ ಬೆಳಗು ಮಾಡುತ್ತಿದ್ದರು. ಅವರಿಗೆ ಒಂದೇ ಒಂದು ಇಂಜೆಕ್ಷನ್ ಕೊಟ್ಟೆವು. ಒಂದು ವಾರದಲ್ಲಿ ನಿದ್ದೆ ಬಂತು, ನಿದ್ದೆ ಬಂದ ಮೇಲೆ ನಡೆಯಲು ಧೈರ್ಯ ಬಂತು, ನಡೆಯತೊಡಗಿದ ಮೇಲೆ ವ್ಯಾಯಾಮ ಹೇಳಿಕೊಡಲು ಸಾಧ್ಯವಾಯಿತು. ನಾಲ್ಕು ತಿಂಗಳ ನಂತರ ಅವರು ಗುಣವಾಗಿದ್ದರು. ಗುಣಪಡಿಸಿದ್ದು ಸೂಜಿ ಎಂದು ನಾನು ಹೇಳುವುದಿಲ್ಲ. ದೇಹ ತನ್ನ ಕೆಲಸ ಮಾಡಿಕೊಳ್ಳಲು ಬೇಕಾದ ಸಮಯವನ್ನು ಅದು ಕೊಡಿಸಿತು. ಎಷ್ಟೋ ವರ್ಷಗಳಿಂದ ಸೊಂಟದಲ್ಲೇ ನಿಂತಿರುವ, ಕಾಲಿಗೆ ಇಳಿಯದ ನೋವಿಗೆ ಇದೇ ಇಂಜೆಕ್ಷನ್ ಕೇಳಿಕೊಂಡು ಬಂದವರನ್ನು ನಾನು ಹಿಂದಕ್ಕೆ ಕಳಿಸುತ್ತೇನೆ.

ಅಂಥ ಸೊಂಟನೋವಿನ ಕೆಲವರಲ್ಲಿ ಬೆನ್ನುಮೂಳೆಗಳ ಹಿಂಬದಿಯ ಸಣ್ಣ ಕೀಲುಗಳು ಕಾರಣವಾಗಿರಬಹುದು. ಆ ಕೀಲುಗಳ ಸಂವೇದನೆಯನ್ನು ಒಯ್ಯುವ ಪುಟ್ಟ ನರಗಳಿಗೆ ಮೊದಲು ಪರೀಕ್ಷಾರ್ಥವಾಗಿ ಮರಗಟ್ಟಿಸುವ ಔಷಧ ಕೊಟ್ಟು, ಸ್ಪಷ್ಟ ಪರಿಹಾರ ಸಿಕ್ಕವರಿಗೆ ಮಾತ್ರ ರೇಡಿಯೋ ಫ್ರೀಕ್ವೆನ್ಸಿಯ ಶಾಖದಿಂದ ಆ ನರಗಳನ್ನು ಸುಡಬಹುದು. ನರ ಮತ್ತೆ ಬೆಳೆಯುವುದರಿಂದ ಪರಿಹಾರ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಇದರ ಪುರಾವೆಗಳ ಬಗ್ಗೆಯೂ ತಜ್ಞರಲ್ಲಿ ಒಮ್ಮತವಿಲ್ಲ.

ಮಂಡಿಯ ವಿಷಯ ಬೇರೆ. "ಮಂಡಿ ಸವೆದಿದೆ" ಎಂದು ಹೇಳಿಸಿಕೊಂಡವರಿಗೆ ಕೀಲಿನೊಳಕ್ಕೆ ಕೊಡುವ ಸ್ಟೀರಾಯ್ಡ್ ಕೆಲವು ವಾರಗಳ ಮಟ್ಟಿಗೆ ನೋವು ತಗ್ಗಿಸುತ್ತದೆ. ಮಂಡಿ ಊದಿಕೊಂಡು ನೀರು ತುಂಬಿರುವಾಗ ಅದು ನಿಜವಾಗಿಯೂ ಉಪಕಾರಿ. ಆದರೆ ಅದನ್ನು ರೂಢಿಯಾಗಿಸಿಕೊಳ್ಳಬಾರದು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 140 ರೋಗಿಗಳನ್ನು ಎರಡು ಗುಂಪು ಮಾಡಿ, ಹನ್ನೆರಡು ವಾರಕ್ಕೊಮ್ಮೆ ಎರಡು ವರ್ಷ ಕಾಲ ಒಂದು ಗುಂಪಿಗೆ ಸ್ಟೀರಾಯ್ಡನ್ನೂ ಇನ್ನೊಂದಕ್ಕೆ ಉಪ್ಪುನೀರಿನ ದ್ರಾವಣವನ್ನೂ ಕೊಡಲಾಯಿತು. ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. 2020ರ ಇನ್ನೊಂದು ಅಧ್ಯಯನ ಇಂಜೆಕ್ಷನ್ನನ್ನು ಫಿಸಿಯೋಥೆರಪಿಯ ಎದುರು ನಿಲ್ಲಿಸಿ ನೋಡಿತು. ಒಂದು ವರ್ಷದ ಕೊನೆಗೆ ಫಿಸಿಯೋಥೆರಪಿ ಪಡೆದವರೇ ಹೆಚ್ಚು ಸುಖವಾಗಿದ್ದರು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳು ಆ ಕೀಲಿಗೆ ಸ್ಟೀರಾಯ್ಡ್ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಯನ್ನು ತಾಳಲಾರದಷ್ಟು ಹೃದಯ ದುರ್ಬಲವಾಗಿರುವ ಹಿರಿಯರಿಗೆ ಮಂಡಿಯ ಸುತ್ತಲಿನ ಸಂವೇದನಾ ನರಗಳನ್ನು ಶಾಖದಿಂದ ಸುಡುವ ವಿಧಾನವಿದೆ. ಕೊರಿಯಾದ ವೈದ್ಯರು 2011ರಲ್ಲಿ ಇದರ ಪ್ರಯೋಗವನ್ನು ಪ್ರಕಟಿಸಿದರು. ಮೂಳೆಯ ಸವೆತ ಹಾಗೇ ಉಳಿಯುತ್ತದೆ, ಬಚ್ಚಲಿನವರೆಗೆ ಯಾರ ಆಸರೆಯೂ ಇಲ್ಲದೆ ಹೋಗಿಬರುವ ಸ್ವಾತಂತ್ರ್ಯ ಕೆಲವರಿಗೆ ಸಿಗುತ್ತದೆ.

ಅಪಾಯಗಳನ್ನು ಮುಚ್ಚಿಟ್ಟು ಈ ಮಾತನ್ನು ಮುಗಿಸಲಾರೆ. 2012ರಲ್ಲಿ ಅಮೆರಿಕದಲ್ಲಿ ಶಿಲೀಂಧ್ರದಿಂದ ಕಲುಷಿತವಾದ ಸ್ಟೀರಾಯ್ಡ್ ಬಾಟಲಿಗಳಿಂದ ಇಂಜೆಕ್ಷನ್ ಪಡೆದ 750ಕ್ಕೂ ಹೆಚ್ಚು ಮಂದಿ ಮಿದುಳುಪೊರೆಯ ಉರಿಯೂತ ಮತ್ತಿತರ ಸೋಂಕಿಗೆ ತುತ್ತಾಗಿ, 60ಕ್ಕೂ ಹೆಚ್ಚು ಜನ ಸತ್ತರು. 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಎಪಿಡ್ಯೂರಲ್ ಸ್ಟೀರಾಯ್ಡಿನಿಂದ ಅಪರೂಪಕ್ಕೆ ದೃಷ್ಟಿನಾಶ, ಪಾರ್ಶ್ವವಾಯು, ಸಾವು ಕೂಡ ಸಂಭವಿಸಬಹುದೆಂದು ಎಚ್ಚರಿಸಿತು. ಕಣಗಳಿರುವ ಸ್ಟೀರಾಯ್ಡ್ ಬೆನ್ನುಹುರಿಗೆ ರಕ್ತ ಒಯ್ಯುವ ನಾಳದೊಳಗೆ ಹೋದರೆ ಅದನ್ನು ಕಟ್ಟಿಬಿಡಬಲ್ಲದು; ಕುತ್ತಿಗೆಯ ಭಾಗದಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದಲೇ ಕಿಂಡಿಯ ಮಾರ್ಗದಲ್ಲಿ ಕಣಗಳಿಲ್ಲದ ಡೆಕ್ಸಾಮೆಥಸೋನನ್ನು ಮೊದಲ ಆಯ್ಕೆಯಾಗಿ ಬಳಸುತ್ತೇವೆ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿ ನಿಲ್ಲಿಸಬಾರದು, ಹೇಳದೆ ಮುಚ್ಚಿಡಲೂಬಾರದು. ಹೃದಯ ವೈದ್ಯರು ಮತ್ತು ಸೂಜಿ ಹಾಕುವವರು ಮಾತಾಡಿಕೊಂಡು ತೀರ್ಮಾನಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ನಿನ ನಂತರ ಕೆಲವು ದಿನಗಳಿಂದ ಒಂದು ವಾರದವರೆಗೆ ರಕ್ತದ ಸಕ್ಕರೆ ಏರುತ್ತದೆ, ಮನೆಯಲ್ಲೇ ದಿನವೂ ನೋಡಿಕೊಳ್ಳಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಎಚ್ಚರಿಕೆಯನ್ನು ಸೇರಿಸಬೇಕು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಅಪರೂಪವಲ್ಲ. ಸಂಜೆಯ ಹೊತ್ತು ಸಣ್ಣ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದವರಿಗೆ ರಕ್ತಪರೀಕ್ಷೆ, ಸ್ಕ್ಯಾನ್ ಮಾಡದೆ ಸ್ಟೀರಾಯ್ಡ್ ಕೊಟ್ಟರೆ ಸೋಂಕಿಗೆ ದಾರಿ ಬಿಟ್ಟುಕೊಟ್ಟಂತಾಗುತ್ತದೆ. ಇಂಥ ಸಂದರ್ಭದಲ್ಲಿ ಪರೀಕ್ಷೆಗಳಿಗೆ ತಗಲುವ ಒಂದೆರಡು ದಿನ ನೋವು ಸಹಿಸಿಕೊಳ್ಳಿ ಎಂದು ರೋಗಿಯನ್ನು ಒಪ್ಪಿಸುವುದು ಕಷ್ಟ, ಆದರೆ ಒಪ್ಪಿಸಲೇಬೇಕು.

ಕೊನೆಯದಾಗಿ, ಮೊದಲ ಚೀಟಿಯ ಪ್ರಶ್ನೆ: ಇಂಜೆಕ್ಷನ್ನಿನಿಂದ ಆಪರೇಷನ್ ತಪ್ಪುತ್ತದೆಯೇ? ನೋವೊಂದೇ ತೊಂದರೆಯಾಗಿರುವ ಕೆಲವರಿಗೆ, ದೇಹಕ್ಕೆ ಸಮಯ ಸಿಕ್ಕಿದ್ದರಿಂದ, ತಪ್ಪಬಹುದು. ಆದರೆ ಪಾದದ ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಸೂಜಿಗಾಗಿ ಕಾಯದೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಕೂತಾಗ ನೆಲಕ್ಕೆ ತಾಗುವ ಭಾಗ, ಗುಪ್ತಾಂಗದ ಸುತ್ತ ಸ್ಪರ್ಶವೇ ತಿಳಿಯದಂತಾಗಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ ಅಥವಾ ಅರಿವಿಲ್ಲದೆ ಹೋಗುತ್ತಿದ್ದರೆ, ಎರಡೂ ಕಾಲುಗಳು ಸೋತುಬರುತ್ತಿದ್ದರೆ ಅದು ಸೊಂಟದ ನರಗಳ ಗೊಂಚಲೇ ಅದುಮಿಹೋಗಿರುವ ಸೂಚನೆ. ಆಗ ಬೆಳಗಾಗಲಿ ಎಂದು ಕಾಯಬಾರದು. ಅದೇ ರಾತ್ರಿ ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ಸಂಕೋಚದಿಂದ ಮೂತ್ರದ ತೊಂದರೆಯನ್ನು ಹೇಳದೆ ಎರಡು ದಿನ ಕಳೆದವರನ್ನು ನಾನು ನೋಡಿದ್ದೇನೆ. ಕಾಲಿನ ನೋವು ಹೋದ ಮೇಲೂ ಅವರ ಮೂತ್ರಕೋಶದ ಹಿಡಿತ ಪೂರ್ತಿ ಮರಳಲಿಲ್ಲ.